ಬೆಟ್ಟಗಳು ಕಟ್ಟದ ನಗರಗಳು

ಪ್ರಾಚೀನ ಗ್ರೀಸಿನ ಚರಿತ್ರೆಯನ್ನು ಹೇಳಹೊರಟ ಪುಸ್ತಕಗಳ ಮೊದಲ ಅಧ್ಯಾಯ ಬಹುಕಾಲದಿಂದ ಒಂದೇ ಅಚ್ಚಿನಲ್ಲಿ ಮೂಡಿಬರುತ್ತಿದೆ. ಅದರ ಪ್ರಕಾರ ಬೆಟ್ಟಸಾಲುಗಳು ನಾಡನ್ನು ಸಣ್ಣ ಸಣ್ಣ ಕಣಿವೆಗಳಾಗಿ ಸೀಳಿದ್ದರಿಂದ ಒಂದೊಂದು ಕಣಿವೆಯಲ್ಲಿ ಒಂದೊಂದು ಸ್ವತಂತ್ರ ನಗರರಾಜ್ಯ ಹುಟ್ಟಿತು. ಮಣ್ಣು ಬಡವಾಗಿದ್ದರಿಂದ ಜನರು ಕಡಲಿಗಿಳಿದು ವ್ಯಾಪಾರಿಗಳೂ ವಲಸೆಗಾರರೂ ಆದರು. ಉತ್ತರದಿಂದ ಬಂದ ಡೋರಿಯನ್ನರು ಸ್ಪಾರ್ಟಾದ ಶಿಸ್ತನ್ನೂ, ಅವರಿಗಿಂತ ಮೊದಲೇ ನೆಲೆಸಿದ್ದ ಅಯೋನಿಯನ್ನರು ಅಥೆನ್ಸಿನ ಕಲೆ ಮತ್ತು ತತ್ತ್ವಜ್ಞಾನವನ್ನೂ ಹುಟ್ಟುಗುಣವಾಗಿ ಹೊತ್ತು ತಂದರು. ನೆಲ ಮತ್ತು ಕುಲ ಎಂಬ ಈ ಎರಡು ಕಾರಣಗಳನ್ನು ಕೊಟ್ಟುಬಿಟ್ಟರೆ ಉಳಿದುದೆಲ್ಲ ತಾನಾಗಿಯೇ ನಡೆದುಹೋಯಿತು ಎಂಬಂತೆ ಮುಂದಿನ ಅಧ್ಯಾಯಗಳು ಸಾಗುತ್ತವೆ. ಭೂಪ್ರಕೃತಿಯೇ ಸಮಾಜದ ರೂಪವನ್ನು ನಿರ್ಧರಿಸುತ್ತದೆ ಎನ್ನುವ ಈ ನಿಲುವನ್ನು ವಿದ್ವಾಂಸರು ಭೌಗೋಳಿಕ ನಿಯತಿವಾದ ಎಂದು ಕರೆಯುತ್ತಾರೆ. ಶಾಲೆಯ ಪಾಠದಿಂದ ಪ್ರವಾಸಿ ಕೈಪಿಡಿಯವರೆಗೆ ಅದು ಇಂದಿಗೂ ಪ್ರಶ್ನೆಯಿಲ್ಲದೆ ಚಲಾವಣೆಯಲ್ಲಿದೆ. ಆದರೆ ಗ್ರೀಸಿನದೇ ಸಾಕ್ಷ್ಯಗಳ ಮುಂದೆ ಅದು ನಿಲ್ಲುವುದಿಲ್ಲ. ಅದನ್ನು ನಂಬಿದ ಓದುಗರಿಗೆ ಗ್ರೀಕರು ಮಾಡಿದ ಕೆಲಸಗಳಲ್ಲಿ ಅತ್ಯಂತ ಮುಖ್ಯವಾದುದು ಕಾಣದೆಯೇ ಹೋಗುತ್ತದೆ.

ಭೂಗೋಳದ ವಿವರಗಳ ಬಗ್ಗೆ ತಕರಾರಿಲ್ಲ. ಗ್ರೀಸಿನ ಸುಮಾರು ಐದರಲ್ಲಿ ನಾಲ್ಕು ಪಾಲು ಗುಡ್ಡಬೆಟ್ಟಗಳ ನೆಲ. ಪಿಂಡಸ್ ಶ್ರೇಣಿ ನಾಡಿನ ಬೆನ್ನೆಲುಬಿನಂತೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುತ್ತದೆ. ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಿ ಕಡಲಿನಿಂದ 100 ಕಿಲೋಮೀಟರಿಗಿಂತ ದೂರದ ಸ್ಥಳವೇ ಇಲ್ಲ. ಮಳೆ ಚಳಿಗಾಲದಲ್ಲಿ ಬರುತ್ತದೆ, ಅದೂ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಅಥೆನ್ಸಿನ ಸುತ್ತಲಿನ ನಾಡಾದ ಅಟಿಕಾದಲ್ಲಿ ಗೋಧಿ ಸರಾಸರಿ ನಾಲ್ಕು ವರ್ಷಕ್ಕೊಮ್ಮೆ ಕೈಕೊಡುತ್ತಿತ್ತೆಂದೂ, ಕಡಿಮೆ ನೀರಿನಲ್ಲಿ ಬರುವ ಬಾರ್ಲಿಯನ್ನು ರೈತರು ಹೆಚ್ಚು ನೆಚ್ಚಿಕೊಂಡದ್ದು ಅದಕ್ಕಾಗಿಯೇ ಎಂದೂ ಪೀಟರ್ ಗಾರ್ನ್ಸಿ ಎಂಬ ಇತಿಹಾಸಕಾರ ಲೆಕ್ಕ ಹಾಕಿ ತೋರಿಸಿದ್ದಾನೆ. ಇವೆಲ್ಲ ನಿಜವೇ ಆದರೂ, ಈ ಬೆಟ್ಟ, ಈ ಮಳೆ, ಈ ಕಡಲು ಸಾವಿರಾರು ವರ್ಷ ಹೆಚ್ಚುಕಡಿಮೆ ಹಾಗೆಯೇ ಇದ್ದಾಗ, ಅವುಗಳ ನಡುವೆ ಬದುಕಿದ ಸಮಾಜಗಳು ಒಂದಕ್ಕೊಂದು ತೀರ ಬೇರೆಯಾಗಿದ್ದುದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ನಿಯತಿವಾದಿಗಳು ಕೇಳಿಕೊಳ್ಳುವುದೇ ಇಲ್ಲ. ಬದಲಾಗದ ಒಂದು ಸಂಗತಿಯನ್ನು ಬದಲಾವಣೆಗೆ ಕಾರಣವೆಂದು ತೋರಿಸುವುದು ತರ್ಕದ ಮೊದಲ ಮೆಟ್ಟಿಲಲ್ಲೇ ಎಡವಿದಂತೆ.

ಕಂಚಿನ ಯುಗದ ಗ್ರೀಸನ್ನೇ ನೋಡಬಹುದು. ನಗರರಾಜ್ಯಗಳು ಹುಟ್ಟುವುದಕ್ಕೆ ಐನೂರು ವರ್ಷ ಮೊದಲು, ಕ್ರಿ.ಪೂ. 14 ಮತ್ತು 13ನೆಯ ಶತಮಾನಗಳಲ್ಲಿ, ಇದೇ ಕಣಿವೆಗಳಲ್ಲಿ ಮೈಸೀನಿಯನ್ ಅರಮನೆಗಳು ಆಳುತ್ತಿದ್ದವು. ನೈಋತ್ಯ ಮೂಲೆಯ ಪೈಲೋಸಿನಲ್ಲಿ 1939ರಲ್ಲಿ ಕಾರ್ಲ್ ಬ್ಲೆಗೆನ್ ಅಗೆದು ತೆಗೆದ ಜೇಡಿಮಣ್ಣಿನ ಫಲಕಗಳು, ಅರಮನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾದ ಕಾರಣಕ್ಕೇ ಉಳಿದುಬಂದಂಥವು. ಅವು ಆ ರಾಜ್ಯದ ಲೆಕ್ಕಪತ್ರಗಳು. ಅವುಗಳಲ್ಲಿರುವ, ಲೀನಿಯರ್ ಬಿ ಎಂದು ಕರೆಯಲಾದ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ ಮೇಲೆ ಆ ರಾಜ್ಯದ ಸ್ವರೂಪ ಬೆಳಕಿಗೆ ಬಂತು. ಪೈಲೋಸಿನ ರಾಜ್ಯ ಎರಡು ಪ್ರಾಂತಗಳಾಗಿ ಹಂಚಿಕೆಯಾಗಿತ್ತು. ಈಚೆಗಿನ ಪ್ರಾಂತದಲ್ಲಿ ಒಂಬತ್ತು, ಆಚೆಗಿನ ಪ್ರಾಂತದಲ್ಲಿ ಏಳು ಜಿಲ್ಲೆಗಳಿದ್ದವು. ಎರಡರ ನಡುವೆ ಐಗಾಲಿಯನ್ ಎಂಬ ಬೆಟ್ಟಸಾಲು ನಿಂತಿತ್ತು. ಹದಿನಾರು ಜಿಲ್ಲೆಗಳಿಂದಲೂ ತೆರಿಗೆ, ಅಗಸೆ, ಕಂಚು, ಹುಟ್ಟು ಹಾಕುವ ಆಳುಗಳು ಒಂದೇ ಅರಮನೆಗೆ ಸೇರುತ್ತಿದ್ದವು. ಬೆಟ್ಟದ ಎರಡು ಮಗ್ಗುಲುಗಳನ್ನು ಒಂದೇ ಕಚೇರಿಯ ಗುಮಾಸ್ತರು ಆಳುತ್ತಿದ್ದುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಬೇಕಿಲ್ಲ.

ಇದೇ ಕಾಲದ ಕ್ರೀಟ್ ದ್ವೀಪದಲ್ಲಿ ನೋಸಸ್ ಅರಮನೆಯ ಬರಹಗಾರರು ಹತ್ತಿರ ಹತ್ತಿರ ಒಂದು ಲಕ್ಷ ಕುರಿಗಳ ಲೆಕ್ಕ ಇಟ್ಟಿದ್ದರು. ಆ ಹಿಂಡುಗಳು ದ್ವೀಪದ ಬೆಟ್ಟಗಳ ತುಂಬ ಚದುರಿ ಮೇಯುತ್ತಿದ್ದವು. ಬಿಯೋಶಿಯಾದಲ್ಲಿ ಕೊಪೈಸ್ ಎಂಬ ವಿಶಾಲ ಕೆರೆಯನ್ನು ಕಾಲುವೆ ಮತ್ತು ಏರಿಗಳಿಂದ ಬಸಿದು ಬೇಸಾಯದ ನೆಲ ಮಾಡಿಕೊಳ್ಳಲಾಗಿತ್ತು, ಮತ್ತು ಆ ವ್ಯವಸ್ಥೆ ಪಾಳುಬಿದ್ದ ಮೇಲೆ ಅದೇ ಕೆರೆಯನ್ನು ಪೂರ್ತಿ ಬಸಿಯಲು 19ನೆಯ ಶತಮಾನದ ಎಂಜಿನಿಯರುಗಳು ಬರಬೇಕಾಯಿತು. ಬೆಟ್ಟಗಳು ಜನರನ್ನು ಒಡೆದು ಸ್ವಾತಂತ್ರ್ಯಪ್ರಿಯರನ್ನಾಗಿ ಮಾಡುತ್ತವೆ ಎನ್ನುವುದಾದರೆ ಕಂಚಿನ ಯುಗದಲ್ಲಿ ಆ ಬೆಟ್ಟಗಳು ಏನು ಮಾಡುತ್ತಿದ್ದವು? ಅರಮನೆಗಳು ಕ್ರಿ.ಪೂ. 1200ರ ಆಸುಪಾಸಿನಲ್ಲಿ ಉರಿದು ಬಿದ್ದವು, ಬರವಣಿಗೆ ಮರೆತುಹೋಯಿತು, ರಾಜನ ಲೆಕ್ಕಿಗರು ಇಲ್ಲವಾದರು. ಅರಮನೆಯ ಫಲಕಗಳಲ್ಲಿ ಊರ ಮಟ್ಟದ ಮೇಲ್ವಿಚಾರಕನಾಗಿ ಕಾಣಿಸುವ ‘ಬಸಿಲಿಯಸ್’ ಎಂಬ ಸಣ್ಣ ಅಧಿಕಾರಿ, ಮೇಲಿನವರು ಯಾರೂ ಉಳಿಯದ್ದರಿಂದ, ಕಾಲಕ್ರಮದಲ್ಲಿ ತಾನೇ ಒಡೆಯನಾದನು. ನಗರರಾಜ್ಯದ ಬೇರು ಈ ಕುಸಿತದಲ್ಲಿ ಮತ್ತು ಅದರ ನಂತರ ಉಳಿದ ಸಣ್ಣ ಸಮುದಾಯಗಳು ತಮ್ಮನ್ನು ತಾವು ಮತ್ತೆ ಕಟ್ಟಿಕೊಂಡ ಬಗೆಯಲ್ಲಿ ಇದೆ. ಆ ಬೇರು ಬಂಡೆಯಲ್ಲಿಲ್ಲ, ಚರಿತ್ರೆಯಲ್ಲಿದೆ.

ಒಂದೇ ಕಾಲದ ನೆರೆಹೊರೆಯ ಪ್ರದೇಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೂ ಫಲಿತಾಂಶ ಇದೇ. ಮೊಗೆನ್ಸ್ ಹರ್ಮನ್ ಹಾನ್ಸೆನ್ ಎಂಬ ವಿದ್ವಾಂಸನ ನೇತೃತ್ವದಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು 2004ರಲ್ಲಿ ಹೊರತಂದ ಪಟ್ಟಿಯಲ್ಲಿ 1,035 ನಗರರಾಜ್ಯಗಳಿವೆ. ಗ್ರೀಕರು ಪೋಲಿಸ್ ಎಂದು ಕರೆಯುತ್ತಿದ್ದ ಈ ಘಟಕ ಎಂದರೆ ಒಂದು ಪಟ್ಟಣ, ಅದರ ಸುತ್ತಲಿನ ಹೊಲಗದ್ದೆ ಮತ್ತು ಅವೆರಡರ ಮೇಲೂ ಹಕ್ಕುಳ್ಳ ನಾಗರಿಕರ ಸಮೂಹ. ಈ ಪಟ್ಟಿಯನ್ನು ಭೂಪಟದ ಮೇಲೆ ಹರಡಿದರೆ ಬೆಟ್ಟದ ಸಾಲಿಗೂ ರಾಜ್ಯದ ಗಡಿಗೂ ತಾಳೆ ಬೀಳುವುದಕ್ಕಿಂತ ಬೀಳದಿರುವುದೇ ಹೆಚ್ಚು. ಅಟಿಕಾ ಸುಮಾರು 2,500 ಚದರ ಕಿಲೋಮೀಟರಿನ ನಾಡು. ಹೈಮೆಟಸ್, ಪೆಂಟೆಲಿಕಾನ್, ಪಾರ್ನೆಸ್ ಮುಂತಾದ ಬೆಟ್ಟಗಳು ಅದನ್ನು ಅಥೆನ್ಸಿನ ಬಯಲು, ಎಲ್ಯೂಸಿಸಿನ ಬಯಲು, ಮ್ಯಾರಥಾನಿನ ಬಯಲು, ಒಳನಾಡಿನ ಬಯಲು ಎಂದು ಸ್ಪಷ್ಟವಾಗಿ ಬೇರ್ಪಡಿಸುತ್ತವೆ. ಸಿದ್ಧಾಂತದ ಪ್ರಕಾರ ಅಲ್ಲಿ ಕನಿಷ್ಠ ನಾಲ್ಕು ರಾಜ್ಯಗಳಿರಬೇಕಿತ್ತು, ಇದ್ದದ್ದು ಒಂದೇ. ಅದರ ಉತ್ತರಕ್ಕಿರುವ, ಹೆಚ್ಚುಕಡಿಮೆ ಅಷ್ಟೇ ವಿಸ್ತಾರದ ಬಿಯೋಶಿಯಾ ಅದಕ್ಕಿಂತ ತೆರೆದ ಬಯಲು ನಾಡು. ಅಲ್ಲಿ ಥೀಬ್ಸ್, ಆರ್ಕೊಮೆನಸ್, ಥೆಸ್ಪಿಯೆ, ಪ್ಲಾಟಿಯಾ, ಟನಾಗ್ರಾ ಎಂದು ಹನ್ನೆರಡಕ್ಕೂ ಮೀರಿದ ನಗರರಾಜ್ಯಗಳು ಶತಮಾನಗಳ ಕಾಲ ಪರಸ್ಪರ ಕಾದಾಡಿದವು.

ಪ್ಲಾಟಿಯಾದ ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕು. ಆ ಊರು ಸಿಥೆರಾನ್ ಬೆಟ್ಟದ ಉತ್ತರದ ಬುಡದಲ್ಲಿತ್ತು. ಥೀಬ್ಸ್ ಅಲ್ಲಿಂದ ಹತ್ತು ಹದಿಮೂರು ಕಿಲೋಮೀಟರ್ ದೂರ; ನಡುವೆ ಇದ್ದದ್ದು ಅಸೋಪಸ್ ಎಂಬ ಚಿಕ್ಕ ಹೊಳೆ ಮಾತ್ರ. ಅಥೆನ್ಸ್‌ಗೆ ಹೋಗಬೇಕಾದರೆ ಬೆಟ್ಟವನ್ನೇ ಹತ್ತಿ ಇಳಿಯಬೇಕಿತ್ತು. ಥೀಬ್ಸ್ ತನ್ನನ್ನು ನುಂಗಹೊರಟಾಗ ಪ್ಲಾಟಿಯಾ ಕ್ರಿ.ಪೂ. 519ರಲ್ಲಿ ಕೈಚಾಚಿದ್ದು ಬೆಟ್ಟದ ಆಚೆಯ ಅಥೆನ್ಸ್‌ಗೆ. ಕ್ರಿ.ಪೂ. 490ರಲ್ಲಿ ಪರ್ಷಿಯಾದ ದಂಡು ಮ್ಯಾರಥಾನಿನಲ್ಲಿ ಇಳಿದಾಗ ಅಥೆನ್ಸಿನವರ ಪಕ್ಕದಲ್ಲಿ ನಿಂತು ಕಾದಿದವರು ಬೆಟ್ಟ ದಾಟಿ ಬಂದ ಪ್ಲಾಟಿಯಾದವರೇ. ಆ ಗೆಳೆತನದ ಬೆಲೆಯನ್ನು ಅವರು ಕ್ರಿ.ಪೂ. 427ರಲ್ಲಿ ತಮ್ಮ ಊರನ್ನೇ ಕಳೆದುಕೊಂಡು ತೆತ್ತರು. ಬಯಲು ಅವರನ್ನು ಥೀಬ್ಸಿನೊಂದಿಗೆ ಒಂದುಗೂಡಿಸಲಿಲ್ಲ, ಬೆಟ್ಟ ಅಥೆನ್ಸಿನಿಂದ ಬೇರ್ಪಡಿಸಲಿಲ್ಲ.

ದ್ವೀಪಗಳ ಮಾತೂ ಹೀಗೆಯೇ. ಸುಮಾರು 130 ಚದರ ಕಿಲೋಮೀಟರಿನ ಕಿಯೋಸ್ ದ್ವೀಪದಲ್ಲಿ ನಾಲ್ಕು ನಗರರಾಜ್ಯಗಳಿದ್ದವು. ಅದರ ಮೂರು ಪಟ್ಟು ದೊಡ್ಡದಾದ, ಅದಕ್ಕಿಂತ ಎತ್ತರದ ಬೆಟ್ಟಗಳಿರುವ ನ್ಯಾಕ್ಸೋಸಿನಲ್ಲಿ ಒಂದೇ ಇತ್ತು. ರೋಡ್ಸ್ ದ್ವೀಪದ ಮೂರು ನಗರಗಳು ಕ್ರಿ.ಪೂ. 408ರಲ್ಲಿ ತಾವಾಗಿ ಕೂಡಿ ಒಂದು ರಾಜ್ಯವಾದವು. ಆ ವರ್ಷ ರೋಡ್ಸಿನ ಯಾವ ಬೆಟ್ಟವೂ ಕರಗಿರಲಿಲ್ಲ. ಸ್ಪಾರ್ಟಾ ಮತ್ತು ಮೆಸ್ಸೀನಿಯಾಗಳ ನಡುವೆ 2,400 ಮೀಟರ್ ಎತ್ತರದ ಟೈಗೆಟಸ್ ನಿಂತಿದ್ದರೂ ಸ್ಪಾರ್ಟಾದ ಸೈನ್ಯ ಅದನ್ನು ದಾಟಿ ಮೆಸ್ಸೀನಿಯಾವನ್ನು ಗೆದ್ದು ಮುನ್ನೂರು ವರ್ಷ ಹಿಡಿದಿಟ್ಟಿತು.

ಬೆಟ್ಟಗಳೇ ಇಲ್ಲದ ಕಡೆ ಏನಾಯಿತು ಎಂದು ನೋಡಿದರೆ ಸಿದ್ಧಾಂತದ ಇನ್ನೊಂದು ಕಾಲೂ ಮುರಿಯುತ್ತದೆ. ಕಪ್ಪುಸಮುದ್ರದ ಉತ್ತರದಂಡೆಯ ಹುಲ್ಲುಗಾವಲಿನ ಅಂಚಿನಲ್ಲಿದ್ದ ಓಲ್ಬಿಯಾ, ದಕ್ಷಿಣ ಇಟಲಿಯ ಚಪ್ಪಟೆ ಕರಾವಳಿಯಲ್ಲಿ ಹೊಲಗಳನ್ನು ನೇರ ಗೆರೆ ಎಳೆದು ಹಂಚಿಕೊಂಡ ಮೆಟಪಾಂಟಮ್, ಇವೆರಡೂ ಗ್ರೀಕರು ಹೊಸದಾಗಿ ಕಟ್ಟಿದ ಊರುಗಳು. ಬಯಲಿಗೆ ಬಂದ ಮೇಲೂ ಅವರು ನಗರರಾಜ್ಯವನ್ನೇ ಕಟ್ಟಿದರು. ಮೆಸೊಪೊಟೇಮಿಯಾದ ದಕ್ಷಿಣ ತುದಿ ಕಣ್ಣು ಹಾಯುವವರೆಗೂ ಸಮತಟ್ಟು. ಸುಮೇರಿಯನ್ನರ ಉರುಕ್, ಉರ್, ಲಗಾಶ್, ಉಮ್ಮಾಗಳು ಅಲ್ಲಿ ಗ್ರೀಕರಿಗಿಂತ ಎರಡು ಸಾವಿರ ವರ್ಷ ಹಿಂದೆಯೇ ಸ್ವತಂತ್ರ ನಗರರಾಜ್ಯಗಳಾಗಿದ್ದವು, ಮತ್ತು ಲಗಾಶ್ ಹಾಗೂ ಉಮ್ಮಾ ಒಂದು ಗಡಿ ಹೊಲಕ್ಕಾಗಿ ತಲೆಮಾರುಗಟ್ಟಲೆ ಹೋರಾಡಿದವು. ಅಥೆನ್ಸ್ ತನ್ನ ಆಡಳಿತವನ್ನು ರೂಪಿಸಿಕೊಳ್ಳುತ್ತಿದ್ದ ಕಾಲಕ್ಕೇ ಗಂಗಾ ಬಯಲಿನ ವೈಶಾಲಿಯಲ್ಲಿ ವಜ್ಜಿಗಳ ಗಣಸಂಘ, ಅಂದರೆ ಕುಲದ ಮುಖಂಡರು ಸಭೆ ಸೇರಿ ಆಳುವ ಅರಸನಿಲ್ಲದ ರಾಜ್ಯ, ನಡೆಯುತ್ತಿತ್ತು. ಅಲ್ಲಿ ಕಣಿವೆಯನ್ನು ಕಾಯುವ ಪರ್ವತ ಯಾವುದೂ ಇರಲಿಲ್ಲ.

ನಿಯತಿವಾದದ ವಿರುದ್ಧ ಒಂದೇ ಒಂದು ಸಾಕ್ಷ್ಯವನ್ನು ಆರಿಸಬೇಕಾದರೆ ಅದು ಕ್ಲೈಸ್ಥೆನೀಸನ ಸುಧಾರಣೆ. ಕ್ರಿ.ಪೂ. 6ನೆಯ ಶತಮಾನದ ಅಟಿಕಾದಲ್ಲಿ ಭೂಗೋಳ ರಾಜಕೀಯದ ಮೇಲೆ ನಿಜವಾಗಿಯೂ ಹಿಡಿತ ಸಾಧಿಸಿತ್ತು. ಬಯಲಿನವರು, ಕರಾವಳಿಯವರು, ಗುಡ್ಡದಾಚೆಯವರು ಎಂದು ಮೂರು ಬಣಗಳಿದ್ದವು. ಒಂದೊಂದರ ತಲೆಯಾಳಾಗಿ ಒಂದೊಂದು ಶ್ರೀಮಂತ ಮನೆತನವಿತ್ತು. ಪಿಸಿಸ್ಟ್ರಾಟಸ್ ಗುಡ್ಡದಾಚೆಯವರ ಬೆಂಬಲದಿಂದಲೇ ಕ್ರಿ.ಪೂ. 561ರಲ್ಲಿ ಏಕಾಧಿಪತಿಯಾದನು. ನಿಯತಿವಾದಿ ಈ ಹಂತದಲ್ಲೇ ಚರಿತ್ರೆಯನ್ನು ನಿಲ್ಲಿಸಿದರೆ ಅವನ ಮಾತು ಸರಿ ಎನಿಸುತ್ತದೆ. ಆದರೆ ಏಕಾಧಿಪತ್ಯ ಕಳೆದ ಮೇಲೆ, ಕ್ರಿ.ಪೂ. 508-507ರಲ್ಲಿ, ಕ್ಲೈಸ್ಥೆನೀಸ್ ಈ ವಿಭಜನೆಯನ್ನು ತಿಳಿದೂ ತಿಳಿದೂ ಒಡೆದನು. ಅಟಿಕಾದ ಹಳ್ಳಿ ಮತ್ತು ಕೇರಿಗಳು, ಸಂಖ್ಯೆಯಲ್ಲಿ 139, ‘ಡೀಮ್’ ಎಂಬ ಆಡಳಿತದ ಘಟಕಗಳಾದವು, ಡೀಮ್‌ಗಳನ್ನು ಗುಂಪು ಮಾಡಿ 30 ‘ಟ್ರಿಟಿಸ್’ಗಳನ್ನು ರಚಿಸಲಾಯಿತು, ಪಟ್ಟಣದಿಂದ ಹತ್ತು, ಕರಾವಳಿಯಿಂದ ಹತ್ತು, ಒಳನಾಡಿನಿಂದ ಹತ್ತು, ಆ ಮೂರೂ ಬಗೆಯಿಂದ ಒಂದೊಂದನ್ನು ಆಯ್ದು ಕೂಡಿಸಿ ಹತ್ತು ಹೊಸ ‘ಕುಲ’ಗಳನ್ನು ಕಟ್ಟಲಾಯಿತು.

ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಹೊಸ ಕುಲವೊಂದರಲ್ಲಿ ಬಂದರಿನ ಮೀನುಗಾರನೂ, ಪಟ್ಟಣದ ಕುಂಬಾರನೂ, ಬೆಟ್ಟದ ಹಿಂದಿನ ಆಲಿವ್ ತೋಟದವನೂ ಒಟ್ಟಿಗೆ ಸೇರಿದರು. ಯುದ್ಧದಲ್ಲಿ ಅವರು ಒಂದೇ ಪಡೆಯಾಗಿ ನಿಲ್ಲಬೇಕಿತ್ತು. ಐನೂರು ಜನರ ಮಂತ್ರಾಲೋಚನಾ ಸಭೆಗೆ ಪ್ರತಿ ಕುಲದಿಂದ ಐವತ್ತು ಮಂದಿ ಹೋಗಬೇಕಿತ್ತು. ಆ ಐವತ್ತು ಮಂದಿ ವರ್ಷದ ಹತ್ತನೆಯ ಒಂದು ಭಾಗ ಕಾಲ ಸಭೆಯ ಕಾರ್ಯಭಾರವನ್ನು ಜೊತೆಯಾಗಿ ಹೊತ್ತುಕೊಳ್ಳಬೇಕಿತ್ತು. ಒಬ್ಬರ ಮುಖವನ್ನೊಬ್ಬರು ಕಾಣದ ಜನರು ಒಂದೇ ಮನೆಯ ಊಟಕ್ಕೆ ಕೂತಂತೆ ಸಾರ್ವಜನಿಕ ಕೆಲಸಕ್ಕೆ ಕೂತರು. ಮ್ಯಾರಥಾನಿನಲ್ಲಿ ಅಥೆನ್ಸಿನ ಸಾಲು ನಿಂತದ್ದು ಈ ಹತ್ತು ಕುಲಗಳ ಪ್ರಕಾರ, ಸುಧಾರಣೆಯಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ. ಗ್ರೀಕ್ ನಾಗರಿಕತೆಯ ಅತ್ಯಂತ ಪ್ರಸಿದ್ಧ ಫಲವಾದ ಅಥೆನ್ಸಿನ ಪ್ರಜಾಪ್ರಭುತ್ವ ಹುಟ್ಟಿದ್ದು ಭೂಗೋಳದ ಕೂಸಾಗಿ ಅಲ್ಲ, ಭೂಗೋಳ ಎಳೆದಿದ್ದ ಗೆರೆಗಳನ್ನು ಅಳಿಸಿ ಬೇರೆ ಗೆರೆಗಳನ್ನು ಎಳೆದ ಒಂದು ಯೋಜನೆಯಾಗಿ. ಇಷ್ಟು ಸ್ಪಷ್ಟವಾದ ಘಟನೆಯನ್ನು ಪಠ್ಯಪುಸ್ತಕಗಳು ಎಂಟನೆಯ ಪುಟದಲ್ಲಿ ವಿವರಿಸಿ, ಮೊದಲನೆಯ ಪುಟದಲ್ಲಿ ಬೆಟ್ಟಗಳೇ ಎಲ್ಲಕ್ಕೂ ಕಾರಣವೆಂದು ಹೇಳುವುದು ನೋವಿನ ಸಂಗತಿ.

ಬಡ ಮಣ್ಣು ಜನರನ್ನು ಕಡಲಿಗೆ ದೂಡಿತು ಎಂಬ ವಾದ ಇದಕ್ಕಿಂತ ಗಟ್ಟಿಯೇನಲ್ಲ. ಕ್ರಿ.ಪೂ. 8ನೆಯ ಶತಮಾನದಲ್ಲಿ ಇಟಲಿಯ ಕರಾವಳಿಗೆ ಮೊದಲು ವಲಸೆ ಹೋದವರು ಯುಬಿಯಾ ದ್ವೀಪದ ಚಾಲ್ಸಿಸ್ ಮತ್ತು ಎರೆಟ್ರಿಯಾದವರು. ಅವೆರಡರ ನಡುವೆ ಇದ್ದ ಲೆಲಾಂಟೈನ್ ಬಯಲು ಇಡೀ ಪ್ರದೇಶದಲ್ಲೇ ಫಲವತ್ತಾದ ನೆಲವಾಗಿತ್ತು. ಎಲ್ಲರಿಗಿಂತ ಹೆಚ್ಚು ಹೊಸ ಊರುಗಳನ್ನು ಕಟ್ಟಿದ ಮಿಲೀಟಸ್ ಇದ್ದದ್ದು ಮಿಯಾಂಡರ್ ನದಿಯ ಸಮೃದ್ಧ ಕಣಿವೆಯ ಬಾಯಲ್ಲಿ. ತೆಳು ಮಣ್ಣಿನ ಅಟಿಕಾ ಆ ಮೊದಲ ಅಲೆಯಲ್ಲಿ ಒಂದು ವಲಸೆಯನ್ನೂ ಕಳಿಸಲಿಲ್ಲ. ಎಲ್ಲಕ್ಕಿಂತ ಬಡವಾದ, ಬೆಟ್ಟಗಳೇ ತುಂಬಿದ ಆರ್ಕೇಡಿಯಾ ಕಡಲಾಚೆ ಒಂದು ಊರನ್ನೂ ಕಟ್ಟಲಿಲ್ಲ. ಬರಗಾಲವೇ ಕಾರಣವಾಗಿದ್ದ ಒಂದು ವಲಸೆಯ ಕಥೆಯನ್ನು ಹೆರೊಡೋಟಸ್ ಹೇಳಿದ್ದಾನೆ: ಥೆರಾ ದ್ವೀಪದಲ್ಲಿ ಏಳು ವರ್ಷ ಮಳೆ ಬಾರದಿದ್ದಾಗ ಅಲ್ಲಿನವರು ಆಫ್ರಿಕಾದ ಕರಾವಳಿಗೆ ಜನರನ್ನು ಕಳಿಸಿದರು, ಮುಂದೆ ಅದು ಸೈರೀನ್ ಎಂಬ ನಗರವಾಯಿತು. ಅಲ್ಲಿಯೂ ಯಾರು ಹೋಗಬೇಕೆಂಬುದನ್ನು ಅಣ್ಣತಮ್ಮಂದಿರಲ್ಲಿ ಚೀಟಿ ಎತ್ತಿ ಊರೇ ತೀರ್ಮಾನಿಸಿತು. ಸೋತು ಮರಳಿ ಬಂದವರನ್ನು ದಂಡೆಗೆ ಇಳಿಯಗೊಡದೆ ಹೊಡೆದು ಅಟ್ಟಿತು. ಮಳೆ ಬಾರದಿದ್ದುದು ಪ್ರಕೃತಿಯ ಕೆಲಸ, ಚೀಟಿ ಎತ್ತಿಸಿದ್ದು ಮನುಷ್ಯರ ಕೆಲಸ. ನಾಗರಿಕತೆಯ ಚರಿತ್ರೆ ಎರಡನೆಯದರ ಚರಿತ್ರೆ.

ಕಡಲಿನ ಸಾಮೀಪ್ಯವನ್ನೇ ದೊಡ್ಡದು ಮಾಡುವವರಿಗೆ ಫ್ರಾಂಕ್ತಿ ಗುಹೆ ಉತ್ತರ ಕೊಡುತ್ತದೆ. ಪೆಲೊಪೊನೀಸಿನ ಕರಾವಳಿಯ ಈ ಗುಹೆಯಲ್ಲಿ ಮಿಲೋಸ್ ದ್ವೀಪದ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಕಪ್ಪು ಗಾಜುಗಲ್ಲು, ಸಿಕ್ಕಿದೆ. ಸುಮಾರು 13,000 ವರ್ಷಗಳ ಹಿಂದೆ, ಬೇಸಾಯ ಬರುವ ಮೊದಲೇ, ಬೇಟೆಗಾರರು ಕಡಲು ದಾಟಿ ಅದನ್ನು ತಂದಿದ್ದರು. ಕಡಲಯಾನ ಅಷ್ಟು ಹಳೆಯದಾದರೆ, ಅಥೆನ್ಸ್ ಕಡಲಶಕ್ತಿಯಾಗಲು ಅಷ್ಟು ಸಾವಿರ ವರ್ಷ ಕಾಯಬೇಕಾದದ್ದೇಕೆ? ಅದಕ್ಕೆ ಉತ್ತರ ಲಾರಿಯಮ್ಮಿನ ಬೆಳ್ಳಿಗಣಿಯ ಪ್ರಸಂಗದಲ್ಲಿದೆ. ಅಟಿಕಾದ ತುದಿಯ ಆ ಗುಡ್ಡಗಳಲ್ಲಿ ಕಂಚಿನ ಯುಗದಿಂದಲೂ ಅದಿರು ತೆಗೆಯುತ್ತಿದ್ದರು. ಕ್ರಿ.ಪೂ. 483ರಲ್ಲಿ ಹೊಸದೊಂದು ಸಮೃದ್ಧ ಪದರ ಸಿಕ್ಕಾಗ ಬಂದ ಹಣವನ್ನು ನಾಗರಿಕರಿಗೆ ತಲೆಗೆ ಹತ್ತು ದ್ರಾಕ್ಮಾದಂತೆ ಹಂಚಬೇಕೆಂಬ ಸಲಹೆ ಸಭೆಯ ಮುಂದಿತ್ತು. ಥೆಮಿಸ್ಟೊಕ್ಲೀಸ್ ಎದ್ದು ನಿಂತು ಆ ಹಣದಿಂದ ಯುದ್ಧನೌಕೆಗಳನ್ನು ಕಟ್ಟಿಸಬೇಕೆಂದು ವಾದಿಸಿದನು, ಸಭೆ ಒಪ್ಪಿತು, ಮೂರು ವರ್ಷಗಳ ನಂತರ ಆ ನೌಕೆಗಳು ಸಲಾಮಿಸಿನಲ್ಲಿ ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದವು. ಸಭೆ ಅಂದು ಇನ್ನೊಂದು ಬಗೆಯಲ್ಲಿ ಕೈ ಎತ್ತಿದ್ದರೆ ಅದೇ ಬೆಳ್ಳಿ, ಅದೇ ಕಡಲು, ಅದೇ ಬಂದರು ಇದ್ದೂ ಅಥೆನ್ಸ್ ಕಡಲಶಕ್ತಿಯಾಗುತ್ತಿರಲಿಲ್ಲ. ಗೈಥಿಯಮ್ಮಿನಂಥ ಬಂದರು ಕೈಯಲ್ಲಿದ್ದೂ ಸ್ಪಾರ್ಟಾ ಶತಮಾನಗಳ ಕಾಲ ನೆಲದ ಸೈನ್ಯವನ್ನೇ ನೆಚ್ಚಿಕೊಂಡದ್ದು ಇದಕ್ಕೆ ಎದುರು ಸಾಕ್ಷಿ.

ನೆಲದ ವಾದ ಕುಸಿದಾಗ ಕುಲದ ವಾದ ನೆರವಿಗೆ ಬರುತ್ತದೆ. ಕಾರ್ಲ್ ಓಟ್‌ಫ್ರೀಡ್ ಮ್ಯುಲ್ಲರ್ 1824ರಲ್ಲಿ ಡೋರಿಯನ್ನರ ಬಗ್ಗೆ ಪ್ರಕಟಿಸಿದ ಜರ್ಮನ್ ಗ್ರಂಥದ ನಂತರ, ಉತ್ತರದಿಂದ ಇಳಿದು ಬಂದ ಕಟ್ಟುಮಸ್ತಾದ, ಶಿಸ್ತಿನ ಜನಾಂಗವೊಂದರ ಚಿತ್ರ ಯುರೋಪಿನ ಮನಸ್ಸಿನಲ್ಲಿ ಬೇರೂರಿತು. ಆದರೆ ಪುರಾತತ್ತ್ವಜ್ಞರು ಇಷ್ಟು ಕಾಲ ಅಗೆದರೂ ಡೋರಿಯನ್ನರದೇ ಎಂದು ಗುರುತಿಸಬಹುದಾದ ಪಾತ್ರೆ, ಆಯುಧ, ಶವಸಂಸ್ಕಾರದ ಪದ್ಧತಿ ಯಾವುದೂ ಸ್ಪಷ್ಟವಾಗಿ ಸಿಕ್ಕಿಲ್ಲ. ಉಪಭಾಷೆಗಳ ಹರವು ಜನರ ಓಡಾಟವನ್ನು ಸೂಚಿಸುತ್ತದೆ ಎಂಬುದು ನಿಜ. ಬೆಟ್ಟದ ಆರ್ಕೇಡಿಯಾ ಮತ್ತು ದೂರದ ಸೈಪ್ರಸ್ ದ್ವೀಪ, ಇವೆರಡರ ಮಾತು ಒಂದೇ ಬಗೆಯದಾಗಿರುವುದು ಅಂಥ ಓಡಾಟವಿಲ್ಲದೆ ಸಾಧ್ಯವಿರಲಿಲ್ಲ. ಆದರೆ ಓಡಾಟ ಬೇರೆ, ಸ್ವಭಾವವನ್ನು ರಕ್ತದಲ್ಲಿ ಹೊತ್ತು ತರುವುದು ಬೇರೆ. ಡೋರಿಯನ್ ಉಪಭಾಷೆಯನ್ನಾಡುತ್ತಿದ್ದ ಕೊರಿಂಥ್ ವ್ಯಾಪಾರಿಗಳ ನಗರವಾಗಿತ್ತು. ಡೋರಿಯನ್ ಆರ್ಗೋಸ್ ಕ್ರಿ.ಪೂ. 5ನೆಯ ಶತಮಾನದಲ್ಲಿ ಪ್ರಜಾಪ್ರಭುತ್ವವಾಗಿತ್ತು. ಡೋರಿಯನ್ ಸಿರಾಕ್ಯೂಸ್ ಅದೇ ಶತಮಾನದಲ್ಲಿ ಆರು ದಶಕ ಜನರ ಸಭೆಯಿಂದ ಆಳಿಸಿಕೊಂಡಿತು. ಇಂದಿಗೆ ಉಳಿದಿರುವ ಅತಿ ಹಳೆಯ ಗ್ರೀಕ್ ಶಾಸನಗಳಲ್ಲೊಂದು, ಒಬ್ಬನೇ ವ್ಯಕ್ತಿ ಹತ್ತು ವರ್ಷದೊಳಗೆ ಎರಡನೆಯ ಬಾರಿ ಮುಖ್ಯಾಧಿಕಾರಿಯಾಗಬಾರದೆಂದು ಕ್ರಿ.ಪೂ. 650ರ ಸುಮಾರಿಗೆ ಕಲ್ಲಿನಲ್ಲಿ ಕೊರೆಸಿದ ಕಟ್ಟಳೆ, ಕ್ರೀಟಿನ ಡ್ರೆರೋಸ್ ಎಂಬ ಡೋರಿಯನ್ ಊರಿನದು.

ಸ್ಪಾರ್ಟಾವನ್ನೇ ತೆಗೆದುಕೊಂಡರೂ ವಾದ ನಿಲ್ಲದು. ಕ್ರಿ.ಪೂ. 7ನೆಯ ಶತಮಾನದ ಸ್ಪಾರ್ಟಾ ಹಾಡು ಮತ್ತು ಕುಣಿತದ ಊರಾಗಿತ್ತು. ಹೆಣ್ಣುಮಕ್ಕಳ ಮೇಳಗಳಿಗೆ ಹಾಡು ಕಟ್ಟಿದ ಆಲ್ಕ್‌ಮನ್ ಅಲ್ಲಿದ್ದನು, ಲೆಸ್ಬೋಸಿನ ಸಂಗೀತಗಾರ ಟರ್ಪಾಂಡರ್ ಅಲ್ಲಿಗೆ ಬಂದು ಹೆಸರು ಮಾಡಿದನು, ಆರ್ಟೆಮಿಸ್ ಆರ್ಥಿಯಾ ದೇವಿಯ ಗುಡಿಯ ನೆಲದಿಂದ ನಾಜೂಕಾದ ದಂತದ ಕೆತ್ತನೆಗಳು ಹೊರಬಂದಿವೆ. ಅದೇ ಜನರ ಮೊಮ್ಮಕ್ಕಳು ಮುಂದೆ ಊರನ್ನೇ ಸೈನ್ಯದ ಪಾಳೆಯವಾಗಿ ಮಾರ್ಪಡಿಸಿಕೊಂಡರು. ಅದಕ್ಕೆ ಕಾರಣ ಕುಲವಲ್ಲ. ಟೈಗೆಟಸ್ ದಾಟಿ ಗೆದ್ದ ಮೆಸ್ಸೀನಿಯಾದ ಜನರನ್ನು ಅವರು ಹೆಲಟ್‌ಗಳನ್ನಾಗಿ, ಅಂದರೆ ತಮ್ಮ ಸ್ವಂತ ನೆಲವನ್ನೇ ಒಡೆಯರಿಗಾಗಿ ಉಳುವ ಜೀತದಾಳುಗಳನ್ನಾಗಿ ಮಾಡಿಕೊಂಡರು, ಮತ್ತು ತಮಗಿಂತ ಬಹಳ ಹೆಚ್ಚು ಸಂಖ್ಯೆಯ ಆ ಜನರು ದಂಗೆ ಏಳುವರೆಂಬ ಭಯದಲ್ಲೇ ಮುಂದಿನ ಶತಮಾನಗಳನ್ನು ಕಳೆದರು. ಗೆಲುವಿನ ನಂತರ ಮಾಡಿದ ಒಂದು ಆಯ್ಕೆ ಗೆದ್ದವರನ್ನೇ ಕಟ್ಟಿಹಾಕಿತು.

ಮೂಲ ಜನರ ವಿಚಾರದಲ್ಲಿ ಈಚಿನ ತಳಿವಿಜ್ಞಾನ ಹೇಳುವುದೂ ಬೆರಕೆಯ ಕಥೆಯನ್ನೇ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕ್ರೀಟಿನ ಮಿನೋವನ್ನರಿಗೂ ಮುಖ್ಯಭೂಮಿಯ ಮೈಸೀನಿಯನ್ನರಿಗೂ ಮುಕ್ಕಾಲು ಪಾಲಿಗಿಂತ ಹೆಚ್ಚು ವಂಶಾಂಶ ಬಂದದ್ದು ಪಶ್ಚಿಮ ಅನಟೋಲಿಯಾ ಮತ್ತು ಏಜಿಯನ್ ತೀರದ ಮೊದಲ ಬೇಸಾಯಗಾರರಿಂದ. ಮೈಸೀನಿಯನ್ನರಲ್ಲಿ ಅದರ ಮೇಲೆ ಉತ್ತರದ ಹುಲ್ಲುಗಾವಲಿನ ಕಡೆಯ ಸ್ವಲ್ಪ ಪಾಲು ಸೇರಿದೆ. ಹತ್ತಿರದ ಬಂಧುಗಳಾದ ಈ ಎರಡು ಜನರಲ್ಲಿ ಒಬ್ಬರು ಗ್ರೀಕ್ ಭಾಷೆಯನ್ನಾಡಿದರು, ಇನ್ನೊಬ್ಬರ ಲೀನಿಯರ್ ಎ ಲಿಪಿ ಇಂದಿಗೂ ಬಿಡಿಸಲಾಗದೆ ಉಳಿದಿದೆ. ಗ್ರೀಕರ ಬರವಣಿಗೆಯಂತೂ ಫಿನೀಷಿಯನ್ ವರ್ತಕರಿಂದ ಕಲಿತದ್ದು, ಕ್ರಿ.ಪೂ. 8ನೆಯ ಶತಮಾನದ ಮಡಕೆಗಳ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಆ ಲಿಪಿಯ ಕೆಲವು ವ್ಯಂಜನಗಳನ್ನು ಸ್ವರಗಳಾಗಿ ಬದಲಿಸಿಕೊಂಡ ಜಾಣ್ಮೆ ಗ್ರೀಕರದು. ನಾಗರಿಕತೆ ಬೆಳೆದದ್ದು ಈ ಕೊಡುಕೊಳೆಯಲ್ಲಿ.

ಈ ಖಂಡನೆಗೆ ಒಂದು ಗಂಭೀರ ಆಕ್ಷೇಪ ಬರಬಹುದು. ಇಂದಿನ ವಿದ್ವಾಂಸರಲ್ಲಿ ಯಾರೂ ಬೆಟ್ಟವೇ ಸಂವಿಧಾನ ಬರೆಯಿತು ಎನ್ನುವುದಿಲ್ಲ. ಭೂಗೋಳ ಕೆಲವು ದಾರಿಗಳನ್ನು ಸುಲಭ ಮಾಡುತ್ತದೆ, ಕೆಲವನ್ನು ಕಷ್ಟ ಮಾಡುತ್ತದೆ ಎಂದಷ್ಟೇ ಅವರ ವಾದ ಎಂದು ಹೇಳಬಹುದು. ಈ ಮೆದು ರೂಪವನ್ನು ಒಪ್ಪಲು ಅಡ್ಡಿಯಿಲ್ಲ: ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ, ಒಂದು ದ್ವೀಪದಿಂದ ಇನ್ನೊಂದು ಕಾಣುವಷ್ಟು ಹತ್ತಿರವಾದ ಏಜಿಯನ್, ಒಣ ನೆಲಕ್ಕೆ ಒಗ್ಗಿದ ಆಲಿವ್ ಇವಿಲ್ಲದೆ ಗ್ರೀಕರ ಬದುಕು ಬೇರೆಯಾಗಿರುತ್ತಿತ್ತು. ಆದರೆ ಈ ಮೆದು ರೂಪದಿಂದ ಏನನ್ನೂ ಮುಂಗಂಡು ಹೇಳಲಾಗದು. ಇದೇ ಸೌಕರ್ಯಗಳಿಂದ ಅರಮನೆಯೂ ಬಂತು, ನಗರರಾಜ್ಯವೂ ಬಂತು, ಮುಂದೆ ಬೈಜಾಂಟಿಯಮ್ಮಿನ ಸಾಮ್ರಾಜ್ಯವೂ ಆಟೊಮನ್ ಆಡಳಿತವೂ ಬಂದವು. ತರಗತಿಗಳಲ್ಲಿ ಕಲಿಸುತ್ತಿರುವುದೂ ಈ ಮೆದು ರೂಪವನ್ನಲ್ಲ. ‘ಆದ್ದರಿಂದ’ ಎಂಬ ಪದವನ್ನು ಬೆಟ್ಟಕ್ಕೂ ಪ್ರಜಾಪ್ರಭುತ್ವಕ್ಕೂ ನಡುವೆ ಇಟ್ಟು ಮಕ್ಕಳಿಗೆ ಉರು ಹೊಡೆಸಲಾಗುತ್ತಿದೆ.

ಈ ‘ಆದ್ದರಿಂದ’ದ ಹಿಂದೆ ನಿರಪಾಯವಲ್ಲದ ಚರಿತ್ರೆಯಿದೆ. ಗಾಳಿ, ನೀರು, ನೆಲೆಗಳ ಪ್ರಭಾವವನ್ನು ಕುರಿತ, ಹಿಪೊಕ್ರೇಟಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥ ಏಷ್ಯಾದ ಜನರು ಹವೆಯ ಕಾರಣಕ್ಕೆ ಮೆದುವೆಂದು ಹೇಳುತ್ತದೆ. ಆದರೆ ಅದೇ ಗ್ರಂಥ, ಅರಸರ ಅಡಿಯಲ್ಲಿಲ್ಲದೆ ತಮ್ಮನ್ನು ತಾವೇ ಆಳಿಕೊಳ್ಳುವ ಏಷ್ಯಾದ ಜನರು, ಗ್ರೀಕರಿರಲಿ ಪರಕೀಯರಿರಲಿ, ಎಲ್ಲರಿಗಿಂತ ಶೂರರು ಎಂದೂ ಒಪ್ಪುತ್ತದೆ. ಆಡಳಿತದ ಬಗೆ ಹವೆಯನ್ನು ಮೀರಬಲ್ಲದೆಂಬ ಈ ತಿಳಿವಳಿಕೆಯನ್ನು ನಂತರದವರು ಕೈಬಿಟ್ಟರು. ಅರಿಸ್ಟಾಟಲ್ ಚಳಿನಾಡಿನವರಿಗೆ ಬುದ್ಧಿ ಸಾಲದು, ಏಷ್ಯಾದವರಿಗೆ ಕೆಚ್ಚು ಸಾಲದು, ನಡುವಿನ ಗ್ರೀಕರಿಗೆ ಎರಡೂ ಇರುವುದರಿಂದ ಒಂದಾದರೆ ಎಲ್ಲರನ್ನೂ ಆಳಬಲ್ಲರೆಂದು ಬರೆದನು. 1748ರಲ್ಲಿ ಮಾಂಟೆಸ್ಕ್ಯೂ ವಿಶಾಲ ಬಯಲುಗಳಿರುವುದರಿಂದ ಏಷ್ಯಾಕ್ಕೆ ನಿರಂಕುಶ ಆಳ್ವಿಕೆಯೂ, ನೆಲ ಸಹಜವಾಗಿ ಹೋಳಾಗಿರುವುದರಿಂದ ಯುರೋಪಿಗೆ ಸ್ವಾತಂತ್ರ್ಯವೂ ಒಗ್ಗುತ್ತದೆ ಎಂದನು. ಭಾರತೀಯರು ಬಿಸಿಲಿನ ಕಾರಣಕ್ಕೆ ಹುಟ್ಟಾ ಧೈರ್ಯಹೀನರೆಂಬ ಮಾತೂ ಅವನ ಪುಸ್ತಕದಲ್ಲಿದೆ. ಗ್ರೀಸಿನ ಬೆಟ್ಟಗಳ ಹೊಗಳಿಕೆಯೂ ಗಂಗೆಯ ಬಯಲಿನ ತೆಗಳಿಕೆಯೂ ಒಂದೇ ವಾದದ ಎರಡು ತುದಿಗಳು. ಭಾರತದ ಮಕ್ಕಳಿಗೆ ಮೊದಲ ತುದಿಯನ್ನು ಕಲಿಸುವವರು ಎರಡನೆಯದನ್ನೂ ಜೊತೆಗೇ ಕೊಡುತ್ತಿದ್ದಾರೆಂಬುದನ್ನು ಅರಿಯಬೇಕು.

ಹೊಣೆಯ ಪ್ರಶ್ನೆಯೂ ಇದರಲ್ಲಿದೆ. ಭೂಗೋಳವೇ ಎಲ್ಲವನ್ನೂ ಮಾಡಿದ್ದಾದರೆ ಕ್ಲೈಸ್ಥೆನೀಸನಿಗೆ ಸಲ್ಲಬೇಕಾದ ಗೌರವ ಸಲ್ಲುವುದಿಲ್ಲ, ಹೆಲಟ್‌ಗಳಿಗೆ ಆದ ಅನ್ಯಾಯಕ್ಕೆ ಹೊಣೆಗಾರರೂ ಸಿಗುವುದಿಲ್ಲ. ಲಾರಿಯಮ್ಮಿನ ಇಕ್ಕಟ್ಟಾದ ಸುರಂಗಗಳಲ್ಲಿ ದೀಪದ ಬೆಳಕಿನಲ್ಲಿ ಅದಿರು ಕೆತ್ತಿದ ಗುಲಾಮರನ್ನು ಅಲ್ಲಿಗೆ ಇಳಿಸಿದ್ದು ಬೆಟ್ಟವಲ್ಲ. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಡೆಸಿಲಿಯಾದಲ್ಲಿ ಕೋಟೆ ಹಾಕಿದ ಮೇಲೆ 20,000ಕ್ಕೂ ಹೆಚ್ಚು ಗುಲಾಮರು ಅಥೆನ್ಸಿನಿಂದ ತಪ್ಪಿಸಿಕೊಂಡು ಹೋದರೆಂದು ಥುಸಿಡಿಡೀಸ್ ಬರೆದಿದ್ದಾನೆ. ಆ ಓಟವೂ ಮನುಷ್ಯರ ನಿರ್ಧಾರವೇ.

ಬೆಟ್ಟನಾಡಿನ ಬಗ್ಗೆ ಕೊನೆಗೆ ಬೆಟ್ಟನಾಡಿನವನನ್ನೇ ಕೇಳಬೇಕು. ಆರ್ಕೇಡಿಯಾದ ಮೆಗಲೋಪೊಲಿಸ್, ಬೆಟ್ಟಗಳ ನಡುವೆ ಚದುರಿದ್ದ ಹತ್ತಾರು ಸಮುದಾಯಗಳು ಕ್ರಿ.ಪೂ. 4ನೆಯ ಶತಮಾನದಲ್ಲಿ ಕೂಡಿ ಕಟ್ಟಿಕೊಂಡ ನಗರ. ಆ ನಗರದಲ್ಲಿ ಹುಟ್ಟಿದ ಇತಿಹಾಸಕಾರ ಪಾಲಿಬಿಯಸ್, ತನ್ನ ಕಾಲದಲ್ಲಿ ಅಕೀಯನ್ ಒಕ್ಕೂಟ ಒಂದೇ ಕಾನೂನು, ಒಂದೇ ತೂಕ, ಅಳತೆ ಮತ್ತು ನಾಣ್ಯವನ್ನು ಚಲಾಯಿಸಿ ಇಡೀ ಪೆಲೊಪೊನೀಸನ್ನು ಹೆಚ್ಚುಕಡಿಮೆ ಒಂದೇ ನಗರವನ್ನಾಗಿ ಮಾಡಿತ್ತೆಂದೂ, ಸುತ್ತಲೂ ಒಂದು ಗೋಡೆ ಇಲ್ಲದ್ದಷ್ಟೇ ಕೊರತೆಯೆಂದೂ ದಾಖಲಿಸುತ್ತಾನೆ. ಹವೆ ಜನರ ಸ್ವಭಾವವನ್ನು ಒರಟು ಮಾಡುತ್ತದೆಂದು ಅವನೂ ನಂಬಿದ್ದನು. ಆ ಒರಟುತನ ತಿಳಿದಿದ್ದರಿಂದಲೇ ಆರ್ಕೇಡಿಯಾದ ಹಿರಿಯರು ಮಕ್ಕಳಿಂದ ಮೂವತ್ತರ ಪ್ರಾಯದವರೆಗೆ ಎಲ್ಲರಿಗೂ ಸಂಗೀತವನ್ನು ಕಡ್ಡಾಯ ಮಾಡಿದರು, ಗಂಡು ಹೆಣ್ಣು ಕೂಡುವ ಉತ್ಸವಗಳನ್ನೂ ಮೇಳಗಳನ್ನೂ ಏರ್ಪಡಿಸಿದರು ಎಂದು ಅವನು ವಿವರಿಸುತ್ತಾನೆ. ಎಲ್ಲಕ್ಕಿಂತ ಚಳಿಯ ಮೂಲೆಯಲ್ಲಿದ್ದ ಸಿನೈಥಾ ಎಂಬ ಊರು ಆ ಪದ್ಧತಿಯನ್ನು ಕೈಬಿಟ್ಟು ಒಳಜಗಳ ಮತ್ತು ಕೊಲೆಗಳಲ್ಲಿ ಮುಳುಗಿತು. ಅದರ ದೂತರು ಹಾದುಹೋದಾಗ ಉಳಿದ ಆರ್ಕೇಡಿಯಾದ ಊರುಗಳು ಅವರನ್ನು ಹೊರಗಟ್ಟಿದವು, ಮಾಂಟಿನಿಯಾದವರು ತಮ್ಮ ಊರನ್ನೂ ಹೊಲಗಳನ್ನೂ ಬಲಿಗಳೊಂದಿಗೆ ಸುತ್ತಿ ಶುದ್ಧಿ ಮಾಡಿಕೊಂಡರು. ಕ್ರಿ.ಪೂ. 220ರಲ್ಲಿ ಸಿನೈಥಾ ಶತ್ರುಗಳ ಕೈಗೆ ಸಿಕ್ಕಿ ಹಾಳಾದುದನ್ನು ವಿವರಿಸುವಾಗ ಇದನ್ನೆಲ್ಲ ಬರೆದ ಪಾಲಿಬಿಯಸ್ ಅಲ್ಲಿನ ಜನರಿಗೆ ಆ ಮೂಲೆಯನ್ನು ಬಿಟ್ಟು ಬೆಚ್ಚಗಿನ ಕಡೆ ಹೋಗಿರೆಂದು ಹೇಳಲಿಲ್ಲ. ದೇವರು ಅವರಿಗೆ ಮತ್ತೆ ಒಳ್ಳೆಯ ಕಾಲ ಕೊಟ್ಟರೆ ಶಿಕ್ಷಣದತ್ತ, ಅದರಲ್ಲೂ ಸಂಗೀತದತ್ತ, ಮರಳಬೇಕೆಂದು ಹೇಳಿದನು.